ಆರು ತಿಂಗಳು ಚಿಂತೆ ಇಲ್ಲದ ಹೇರ್ ಕಲರ್ ಅಂದರೆ ಸ್ವಲ್ಪ ನಿಲ್ಲಿ

ಮಂಗಳೂರಿನಲ್ಲಿ ಕೂದಲಿಗೆ ಕಲರ್ ಮಾಡಿಸುವ ಆಲೋಚನೆ ಇದ್ದವರು ಇದನ್ನೊಮ್ಮೆ ಓದಿ, ಆಮೇಲೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಸಲೂನಿನ ಹೆಸರು ಹಾಕುವುದಿಲ್ಲ, ಇನ್‌ಬಾಕ್ಸ್‌ನಲ್ಲೂ ಕೇಳಬೇಡಿ. ಪೇಟೆ ಮಧ್ಯದಲ್ಲಿರುವ, ಒಳಗೆ ಹೋದ ಕೂಡಲೇ ಕಾಫಿ ಕೈಗೆ ಕೊಡುವ, ಎಸಿ ಜೋರಾಗಿರುವ ಜಾಗ ಅಂದರೆ ಸಾಕು.

ನನಗೆ ಬೇಕಾಗಿದ್ದು ದೊಡ್ಡದೇನಲ್ಲ. ಹಣೆಯ ಹತ್ತಿರ, ಕಿವಿಯ ಮೇಲೆ ಬಿಳಿ ಕೂದಲು ಜಾಸ್ತಿಯಾಗಿತ್ತು. ವರ್ಷಗಟ್ಟಲೆ ಮನೆಯಲ್ಲೇ ಮೆಹಂದಿ, ಅದರ ಮೇಲೆ ಇಂಡಿಗೋ ಪುಡಿ ಹಚ್ಚುತ್ತಿದ್ದೆ. ಭಾನುವಾರ ಇಡೀ ಅದಕ್ಕೇ ಹೋಗುತ್ತಿತ್ತು. ಸಾಕಾಗಿ ನಿಲ್ಲಿಸಿ ಕೆಲವು ತಿಂಗಳಾಗಿತ್ತು. ಕಲರ್ ಮಾಡಿಸಿದ್ದು ಎದ್ದು ಕಾಣಬಾರದು, ಪದೇ ಪದೇ ಸಲೂನಿಗೆ ಓಡಬಾರದು, ಅಷ್ಟೇ ನನ್ನ ಬೇಡಿಕೆ. ಮೆಹಂದಿ, ಇಂಡಿಗೋ ಎರಡೂ ಹಚ್ಚಿದ್ದೆ ಅಂತ ಕುರ್ಚಿಯಲ್ಲಿ ಕೂರುವ ಮೊದಲೇ ಬಿಡಿಸಿ ಹೇಳಿದೆ. ‘ಅದೆಲ್ಲ ನ್ಯಾಚುರಲ್ ಅಲ್ವಾ ಮ್ಯಾಮ್, ಏನೂ ಆಗಲ್ಲ. ಆ್ಯಶ್ ಬ್ರೌನ್ ಮಾಡೋಣ, ಆರು ತಿಂಗಳು ಈ ಕಡೆ ತಲೆ ಹಾಕುವುದೇ ಬೇಡ’ ಅಂದರು.

ಈ ಮಾತು ಬಂದಲ್ಲಿ ಎದ್ದು ಬನ್ನಿ ಅಂತ ಈಗ ಎಲ್ಲರಿಗೂ ಹೇಳುತ್ತೇನೆ.

ಬಟ್ಟಲಲ್ಲಿ ಕಲರ್ ಕಲಸಿದ್ದು ಒಳಕೋಣೆಯಲ್ಲಿ. ಯಾವ ಟ್ಯೂಬ್, ಯಾವ ನಂಬರ್, ತೋರಿಸಲಿಲ್ಲ. ಬುಡದಿಂದ ತುದಿ ತನಕ ಒಂದೇ ಸಮ ಬಳಿದರು. ಹಚ್ಚಿದವರು ಪಕ್ಕದಲ್ಲಿದ್ದ ಮದುಮಗಳ ಟ್ರಯಲ್ ಮೇಕಪ್‌ಗೆ ಹೋದರು. ನೆತ್ತಿ ಉರಿಯುತ್ತಿದೆ ಅಂದರೆ ‘ಸ್ವಲ್ಪ ಉರಿ ಇರ್ತದೆ ಮ್ಯಾಮ್’ ಅಂತ ದೂರದಿಂದಲೇ ಉತ್ತರ. ಆಗ ಟ್ರಾಲಿಯ ಕೆಳಗಿನ ತಟ್ಟೆ ಕಣ್ಣಿಗೆ ಬಿತ್ತು. ಬಿಳಿ ಬಾಟಲಿ, ಮುಚ್ಚಳದ ಸುತ್ತ ಒಣಗಿದ ಕ್ರೀಮ್, ಲೇಬಲ್ ಮೇಲೆ ದಪ್ಪಕ್ಷರದಲ್ಲಿ 12%.

ಆ ನಂಬರ್ ಏನು ಅಂತ ತಿಳಿದುಕೊಂಡಿರಿ. ಕಲರ್ ಜೊತೆ ಕಲಸುವ ಡೆವಲಪರ್ ಅಂದರೆ ಹೈಡ್ರೋಜನ್ ಪೆರಾಕ್ಸೈಡ್. ಅದರ ಬಲವನ್ನು ವಾಲ್ಯೂಮ್ ಲೆಕ್ಕದಲ್ಲೂ ಹೇಳುತ್ತಾರೆ. 3% ಅಂದರೆ 10 ವಾಲ್ಯೂಮ್, 6% ಅಂದರೆ 20, 9% ಅಂದರೆ 30, 12% ಅಂದರೆ 40. ಬಿಳಿ ಕೂದಲು ಮುಚ್ಚಲಿಕ್ಕೆ, ಒಂದೆರಡು ಶೇಡ್ ತಿಳಿಯಾಗಲಿಕ್ಕೆ 20 ವಾಲ್ಯೂಮ್ ಧಾರಾಳ ಸಾಕು. 40 ವಾಲ್ಯೂಮ್ ನೆತ್ತಿಗೆ ತಾಗಿಸುವ ವಸ್ತುವೇ ಅಲ್ಲ. ‘ಅಮೋನಿಯಾ ಫ್ರೀ’ ಅಂದರೂ ಇದೇ ಕತೆ. ಅಮೋನಿಯಾ ಬದಲು ಹೆಚ್ಚಾಗಿ ಮೊನೊಎಥನಾಲಮೈನ್ ಅನ್ನುವ ರಾಸಾಯನಿಕ ಇರುತ್ತದೆ, ಘಾಟು ಇರುವುದಿಲ್ಲ. ಪೆರಾಕ್ಸೈಡ್ ಎಲ್ಲೂ ಹೋಗಿರುವುದಿಲ್ಲ.

ತೊಳೆದು ನೋಡಿದರೆ ಬುಡದಲ್ಲಿ ಎರಡು ಬೆರಳಗಲ ಕಿತ್ತಳೆ. ಕೆಳಗಡೆ ಮೊದಲು ಹೇಗಿತ್ತೋ ಹಾಗೇ ಕಪ್ಪು. ಹೀಗೇ ಆಗುತ್ತದೆ ಅಂತ ಕೆಲಸ ಗೊತ್ತಿರುವ ಯಾರು ಬೇಕಾದರೂ ಹೇಳುತ್ತಾರೆ. ಮೊದಲೇ ಬಣ್ಣ ಹಿಡಿದ ಕೂದಲನ್ನು ಮೇಲಿನಿಂದ ಹಚ್ಚಿದ ಇನ್ನೊಂದು ಕಲರ್ ತಿಳಿ ಮಾಡುವುದಿಲ್ಲ. ಇಂಡಿಗೋ ಹಿಡಿದ ಭಾಗ ಅಲುಗಾಡಲಿಲ್ಲ. ಬುಡದ ಹೊಸ ಕೂದಲಿಗೆ ನೆತ್ತಿಯ ಶಾಖ ಬೇರೆ, ಅಲ್ಲಿ ಕೆಲಸ ಬೇಗ ಆಗುತ್ತದೆ. ನಮ್ಮ ಕಪ್ಪು ಕೂದಲಿನ ಒಳಗೆ ಕೆಂಪು, ಕಿತ್ತಳೆ ಇದ್ದೇ ಇರುತ್ತದೆ. ಕಪ್ಪು ತೆಗೆದರೆ ಮೊದಲು ಕಾಣುವುದು ಅದೇ.

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ‘ಲೆಂಗ್ತ್ ಮ್ಯಾಚ್ ಮಾಡ್ತೇವೆ’ ಅಂತ ಫಾಯಿಲ್ ಸುತ್ತಿ ಬ್ಲೀಚ್ ಹಾಕಿದರು. ಇಂಡಿಗೋದ ಮೇಲೆ ಬ್ಲೀಚ್ ಬಿದ್ದರೆ ಹಸಿರು ತಿರುಗುವುದುಂಟು. ತಿರುಗಿತು. ಅದರ ಮೇಲೆ ಛಾಯೆ ತಿದ್ದುವ ಟೋನರ್, ಸೀರಮ್, ಬ್ಲೋಡ್ರೈ. ಸಲೂನಿನ ಹಳದಿ ಲೈಟಿನಲ್ಲಿ ಏನೋ ಒಂದು ಬ್ರೌನ್ ಥರ ಕಂಡಿತು. ಮನೆಗೆ ಬಂದರೆ ಅಮ್ಮ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದರು. ಬಿಸಿಲಲ್ಲಿ ನನ್ನನ್ನು ತಿರುಗಿಸಿ ನೋಡಿ, ‘ಎಂತ ಮಗಾ ಇದು, ಮಳೆಗಾಲದ ಗೋಡೆಯ ಹಾಗೆ ಪಾಚಿ ಹಿಡಿದಿದೆ!’ ಅಂದರು. ತುದಿ ಕೂದಲು ಒದ್ದೆ ಇದ್ದಾಗ ಎಳೆದರೆ ರಬ್ಬರಿನಂತೆ ಉದ್ದ ಬಂದು ತುಂಡಾಗುತ್ತಿತ್ತು.

ಬಿಲ್ ವಿಷಯವನ್ನೂ ಹೇಳಿಬಿಡುತ್ತೇನೆ. ಫೋನಿನಲ್ಲಿ ಹೇಳಿದ ರೇಟ್ ಭುಜದ ತನಕದ ಕೂದಲಿಗಂತೆ. ಉದ್ದ ಕೂದಲಿಗೆ ಬೇರೆ, ಟೋನರ್‌ಗೆ ಬೇರೆ, ಕೂದಲು ತುಂಡಾಗದ ಹಾಗೆ ಹಾಕಿದ ಟ್ರೀಟ್‌ಮೆಂಟಿಗೆ ಬೇರೆ. ಅವರೇ ಹಾಳು ಮಾಡಿದ್ದನ್ನು ಅವರೇ ಸರಿ ಮಾಡಲಿಕ್ಕೆ ದುಡ್ಡು! ಕೊನೆಗೆ ಹೇಳಿದ್ದರ ಎರಡು ಪಟ್ಟಿಗೂ ಮೇಲಾಯಿತು. ಅಂದಹಾಗೆ, ಸಲೂನ್ ಸೇವೆಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18%ನಿಂದ 5%ಗೆ ಇಳಿದಿದೆ. ಬಿಲ್ಲಿನ ಕೆಳಗಿನ ಸಾಲನ್ನೂ ಓದಿ.

ಟೋನರ್‌ನ ಆಯುಸ್ಸು ಕೆಲವೇ ವಾರ. ನಮ್ಮ ಊರಲ್ಲಿ ಅದೂ ಕಷ್ಟ. ಸೆಕೆಗೆ ತಲೆ ಬೆವರುತ್ತದೆ, ಬೇರೆ ಕಡೆಯವರಿಗಿಂತ ಜಾಸ್ತಿ ಸಲ ತಲೆಸ್ನಾನ ಆಗುತ್ತದೆ, ಮೇಲಿಂದ ಬಿಸಿಲು. ಬಕೆಟಿನ ತಳದಲ್ಲಿ ಕೆಂಪು ಕಟ್ಟುವ ಬಾವಿ ಅಥವಾ ಬೋರ್‌ವೆಲ್ ನೀರಿನ ಮನೆಯಾದರೆ ಆ ಕಬ್ಬಿಣದ ಅಂಶ ತಿಳಿ ಮಾಡಿದ ಕೂದಲಿಗೂ ಅಂಟುತ್ತದೆ. ಬೂದು ಛಾಯೆಯ ಆ್ಯಶ್ ಶೇಡ್‌ಗಳು ಇಲ್ಲಿ ಬಾಳುವುದಿಲ್ಲ ಮಾರಾಯ್ರೆ. ಫೋಟೋದಲ್ಲಿ ಚಂದ, ಅಷ್ಟೇ.

ಇನ್ನು ಬುಡದಿಂದ ತುದಿಗೆ ಒಂದೇ ಬಣ್ಣ ಬಳಿಯುವ ಗ್ಲೋಬಲ್ ಕಲರ್. ನಿಮ್ಮ ಕೂದಲಿಗಿಂತ ತಿಳಿ ಶೇಡ್‌ನಲ್ಲಿ ಅದನ್ನು ಮಾಡಿಸಿ, ಆರು ತಿಂಗಳು ಸುಮ್ನೆ ಇರಬಹುದು ಅಂದರೆ ನಂಬಬೇಡಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಬೈತಲೆಯಲ್ಲಿ ಗೆರೆ ಎಳೆದಂತೆ ಕರಿಯೋ ಬಿಳಿಯೋ ಕಾಣುತ್ತದೆ. ಟಚ್‌ಅಪ್‌ಗೆ ಹೋಗಲೇಬೇಕು. ಖರ್ಚು, ಓಡಾಟ ಕಮ್ಮಿ ಆಗಬೇಕಾದರೆ ಬುಡವನ್ನು ಮುಟ್ಟಬಾರದು. ಬಲಾಯಾಜ್ ಅಂತ ಕೈಯಲ್ಲೇ ಬಳಿಯುವುದು, ಇಲ್ಲಾ ತೆಳು ಎಳೆ ಹಿಡಿದು ಹೈಲೈಟ್ ಮಾಡುವುದು. ಬಣ್ಣ ಕೆಳಗಿಂದ ಶುರುವಾದರೆ ಬೆಳೆದ ಬುಡ ಅದರಲ್ಲೇ ಸೇರಿಹೋಗುತ್ತದೆ. ಬಿಳಿ ಕೂದಲಿಗೆ ಡೆಮಿ ಪರ್ಮನೆಂಟ್ ಕಲರ್ ಇದೆ. ಪೂರ್ತಿ ಮುಚ್ಚುವುದಿಲ್ಲ, ಮಸುಕು ಮಾಡುತ್ತದೆ, ಹೋಗುವಾಗಲೂ ಗೆರೆ ಬಿಡದೆ ನಿಧಾನಕ್ಕೆ ಹೋಗುತ್ತದೆ. ಶೇಡ್ ನಿಮ್ಮ ಕೂದಲಿಗಿಂತ ಒಂದೆರಡು ಮೆಟ್ಟಿಲು ತಿಳಿ, ಅಷ್ಟರಲ್ಲೇ ಇರಲಿ. ಸ್ವಲ್ಪ ಚಿನ್ನದ ಛಾಯೆಯ ಬ್ರೌನ್ ಆದರೆ ಮಾಸಿದರೂ ವಿಕಾರ ಕಾಣುವುದಿಲ್ಲ.

ಇದೆಲ್ಲ ನನಗೆ ತಿಳಿಸಿದ್ದು ಮಣಿಪಾಲದ ಕಡೆ ಸಣ್ಣ ಪಾರ್ಲರ್ ಇಟ್ಟುಕೊಂಡಿರುವ ಒಬ್ಬ ಅಕ್ಕ. ನಾನು ಹೋದ ದಿನ ಅವರು ತಲೆಗೆ ಬಣ್ಣ ಮುಟ್ಟಿಸಲೇ ಇಲ್ಲ. ಕಿವಿಯ ಹಿಂದಿನಿಂದ ಸಣ್ಣ ಎಳೆ ಕತ್ತರಿಸಿ, ಅದಕ್ಕೆ ಮಾತ್ರ ಮಿಶ್ರಣ ಹಚ್ಚಿ, ಬಿಳಿ ಟಿಶ್ಯೂ ಮೇಲೆ ಇಟ್ಟು ಕಾದರು. ಬಾಕಿ ಎಲ್ಲರಿಗೂ ಮಾಡ್ತೀರಾ ಅಂದರೆ, ಮೆಹಂದಿ ಹಚ್ಚಿದವರಿಗೆ ಮಾಡದೆ ಮುಟ್ಟುವುದೇ ಇಲ್ಲ ಅಂದರು. ಕೆಲವು ಪ್ಯಾಕೆಟ್ ಮೆಹಂದಿಯಲ್ಲಿ ಲೋಹದ ಲವಣ ಇರುತ್ತದಂತೆ. ಅದಕ್ಕೆ ಪೆರಾಕ್ಸೈಡ್ ಸೇರಿದರೆ ಕೂದಲು ಬಿಸಿಯೇರಿ ಸುಟ್ಟೇ ಹೋಗಬಹುದು. ಕಪ್ಪು ಮೆಹಂದಿ ಅಂತ ಮಾರುವುದರಲ್ಲಿ ಪಿಪಿಡಿ ಅನ್ನುವ ಡೈ ರಾಸಾಯನಿಕ ಇರುವುದೂ ಉಂಟು. ಕೆಲವರಿಗೆ ಅದರ ಅಲರ್ಜಿ ಬಂದು ಮುಖವೇ ಊದಿಕೊಳ್ಳುತ್ತದೆ. ಅದಕ್ಕೇ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯುವ ಪ್ಯಾಚ್ ಟೆಸ್ಟ್. ಬಂದ ದಿನವೇ ಮಾಡಿ ಕಳಿಸುತ್ತೇವೆ ಅನ್ನುವ ಕಡೆ ಅದು ಆಗುವ ಮಾತೇ ಅಲ್ಲ.

ಮತ್ತೆ ಬ್ಲೀಚ್ ಬೇಡವೇ ಬೇಡ ಅಂದರು. ಹಸಿರಾಗಿ ಲಡ್ಡಾದ ತುದಿಯನ್ನು ಕತ್ತರಿಸಿ, ಉಳಿದದ್ದಕ್ಕೆ ನನ್ನ ಬಣ್ಣಕ್ಕೆ ಹತ್ತಿರದ ಡೆಮಿ ಪರ್ಮನೆಂಟ್ ಹಚ್ಚಿದರು. ಸೊಂಟದ ತನಕ ಇದ್ದ ಕೂದಲು ಈಗ ಭುಜದ ಹತ್ತಿರ.

ಮೊದಲಿನ ಸಲೂನಿನವರು ದುಡ್ಡು ವಾಪಸ್ ಅಂದ ಕೂಡಲೇ ‘ಫ್ರೀ ಹೇರ್ ಸ್ಪಾ ಕೊಡ್ತೇವೆ’ ಅಂತ ಶುರು ಮಾಡಿದರು. ನನ್ನ ಹತ್ತಿರ ಬಿಲ್ ಇತ್ತು, ಬಿಸಿಲಲ್ಲಿ ತೆಗೆದ ಫೋಟೋಗಳಿದ್ದವು, ರೇಟ್ ಹೇಳಿದ ವಾಟ್ಸಾಪ್ ಮೆಸೇಜ್ ಇತ್ತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಆಮೇಲೆ ಮಾಲೀಕರೇ ಫೋನ್ ಮಾಡಿ ಟೋನರ್, ಟ್ರೀಟ್‌ಮೆಂಟಿನ ದುಡ್ಡು ವಾಪಸ್ ಹಾಕಿದರು. ಕಲರಿನ ದುಡ್ಡು ಇನ್ನೂ ಬಂದಿಲ್ಲ. ಕೇಳುವುದನ್ನು ನಾನೂ ಬಿಟ್ಟಿಲ್ಲ.