ಗಣಿ ಬರುವವರೆಗಿನ ‘ಎನಿಮಿ ಮೈನ್’

‘ಎನಿಮಿ ಮೈನ್’ ಚಿತ್ರವನ್ನು ಮತ್ತೊಮ್ಮೆ ನೋಡಲು ಕೂರುವವರು ಈ ಸಲ ಲೂಯಿಸ್ ಗಾಸೆಟ್ ಜೂನಿಯರ್ ಅವರ ಗಂಟಲಿಗೆ ಕಿವಿಗೊಡಬೇಕು. ಜೆರಿಬಾ ಶಿಗನ್ ಎಂಬ ಅನ್ಯಗ್ರಹದ ಯೋಧನ ಪಾತ್ರದಲ್ಲಿ ಆ ನಟನ ಮುಖವೇ ನಮಗೆ ಕಾಣುವುದಿಲ್ಲ. ನೆತ್ತಿಯಿಂದ ಕೊರಳಿನವರೆಗೂ ಹುರುಪೆಹುರುಪೆಯಾದ ಕೃತಕ ಚರ್ಮ, ಕಣ್ಣಿಗೆ ಹಳದಿ ಮಸೂರ. ಹುಬ್ಬೇರಿಸಿ, ತುಟಿ ಬಿಗಿದು ಭಾವ ತೋರಿಸುವ ದಾರಿಗಳೆಲ್ಲ ಮುಚ್ಚಿಹೋದಾಗ ಗಾಸೆಟ್ ದನಿಯನ್ನೂ ಕತ್ತನ್ನೂ ನೆಚ್ಚಿಕೊಂಡರು. ಗಂಟಲಿನ ಆಳದಲ್ಲಿ ನೀರು ಮುಕ್ಕಳಿಸಿದಂತೆ ಗುಳುಗುಳು ಎನ್ನುತ್ತ ಹೊರಡುವ ಉಚ್ಚಾರಣೆ, ಮಾತಿಗೆ ಮೊದಲು ತಲೆಯನ್ನು ಥಟ್ಟನೆ ಒಂದು ಪಕ್ಕಕ್ಕೆ ಹೊರಳಿಸುವ ರೀತಿ, ಇವೆರಡರಿಂದಲೇ ಒಂದು ಇಡೀ ಜನಾಂಗದ ನಡೆನುಡಿ ಇದೆಯೆಂಬ ನಂಬಿಕೆ ನೋಡುಗರಲ್ಲಿ ಹುಟ್ಟುತ್ತದೆ. 1982ರ ‘ಆ್ಯನ್ ಆಫೀಸರ್ ಆ್ಯಂಡ್ ಎ ಜಂಟಲ್‌ಮನ್’ ಚಿತ್ರದ ಸಾರ್ಜೆಂಟ್ ಪಾತ್ರಕ್ಕೆ ಆಸ್ಕರ್ ಪಡೆದ ನಟ ಇವರು. ನನ್ನ ಲೆಕ್ಕದಲ್ಲಿ ಆ ಪಾತ್ರಕ್ಕಿಂತ ಇದು ಒಂದು ತೂಕ ಹೆಚ್ಚಿನದು.

1985ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಈ ಚಿತ್ರದ ಕಥೆ ಸರಳವಾದದ್ದು. ಇಪ್ಪತ್ತೊಂದನೆಯ ಶತಮಾನದ ಕೊನೆಯ ಭಾಗದಲ್ಲಿ ಮನುಷ್ಯರಿಗೂ ಡ್ರಾಕ್ ಎಂಬ ಸರೀಸೃಪ ಮೂಲದ ಜನಾಂಗಕ್ಕೂ ಬಾಹ್ಯಾಕಾಶದಲ್ಲಿ ಯುದ್ಧ ನಡೆದಿರುತ್ತದೆ. ಡೇವಿಜ್ ಎಂಬ ಪೈಲಟ್ (ಡೆನಿಸ್ ಕ್ವೇಡ್) ಶತ್ರುವಿನ ಒಂದು ವಿಮಾನವನ್ನು ಹಟಕ್ಕೆ ಬಿದ್ದು ಬೆನ್ನಟ್ಟುತ್ತಾನೆ. ಎರಡೂ ವಿಮಾನಗಳು ಫೈರೀನ್ 4 ಎಂಬ ನಿರ್ಜನ ಗ್ರಹದ ಮೇಲೆ ಬೀಳುತ್ತವೆ. ಸಂಗಾತಿಯನ್ನು ಕಳೆದುಕೊಂಡ ಡೇವಿಜ್, ಕೊಳದಲ್ಲಿ ಈಜುತ್ತಿರುವ ಡ್ರಾಕ್‌ನನ್ನು ಕಂಡೊಡನೆ ನೀರಿನ ಮೇಲೆ ಇಂಧನ ಹರಿಯಬಿಟ್ಟು ಬೆಂಕಿ ಹಚ್ಚುತ್ತಾನೆ. ಕೊಲ್ಲಲು ಹೋದವನು ಕೊನೆಗೆ ಸೆರೆಯಾಳಾಗುತ್ತಾನೆ. ಶತ್ರುಗಳಿಬ್ಬರು ಒಂದೇ ನೆಲದಲ್ಲಿ ಸಿಕ್ಕಿಬೀಳುವ ಕಥೆ ಹೊಸದೇನೂ ಅಲ್ಲ. 1968ರ ‘ಹೆಲ್ ಇನ್ ದ ಪೆಸಿಫಿಕ್’ ಚಿತ್ರದಲ್ಲಿ ಒಬ್ಬ ಅಮೆರಿಕನ್ನನೂ ಒಬ್ಬ ಜಪಾನಿ ಸೈನಿಕನೂ ದ್ವೀಪವೊಂದರಲ್ಲಿ ಹೀಗೆಯೇ ಕಾದಾಡಿದ್ದರು. ಆ ಚಿತ್ರದಲ್ಲಿ ಇಬ್ಬರಿಗೂ ಪರಸ್ಪರರ ಭಾಷೆ ಕೊನೆಯವರೆಗೂ ಬರುವುದಿಲ್ಲ. ಇಲ್ಲಿ ಇಬ್ಬರೂ ಕಲಿಯುತ್ತಾರೆ. ಚಿತ್ರದ ಮೊದಲ ಒಂದು ಗಂಟೆಯ ಬೆಲೆಯೆಲ್ಲ ಆ ಕಲಿಕೆಯಲ್ಲಿದೆ.

ಎಣ್ಣೆ ಸೀಗೆಕಾಯಿಯಂತಿದ್ದ ಈ ಜೋಡಿಯನ್ನು ಹತ್ತಿರ ತರುವುದು ದೊಡ್ಡ ದೊಡ್ಡ ಮಾತುಗಳಲ್ಲ, ಆಕಾಶದಿಂದ ಸುರಿಯುವ ಉಲ್ಕೆಗಳು. ಉಲ್ಕಾಪಾತಕ್ಕೆ ಜಗ್ಗದ ಸೂರು ಕಟ್ಟಲು ಎರಡು ಕೈ ಸಾಲವು. ಆಮೆಯಂಥ ಪ್ರಾಣಿಗಳ ಚಿಪ್ಪುಗಳನ್ನು ಹೊತ್ತು ತಂದು ಇಬ್ಬರೂ ಗುಡಿಸಲಿಗೆ ಹೊದಿಸುತ್ತಾರೆ. ಜಗಳವಾಡುತ್ತಲೇ ಕಟ್ಟುತ್ತಾರೆ, ಕಟ್ಟುತ್ತಲೇ ಒಬ್ಬರ ಮಾತನ್ನು ಇನ್ನೊಬ್ಬರು ಹೆಕ್ಕಿಕೊಳ್ಳುತ್ತಾರೆ. ಇಲ್ಲಿ ಚಿತ್ರಕಥೆಗಾರ ಎಡ್ವರ್ಡ್ ಖ್ಮಾರಾ ತೋರಿಸಿದ ಜಾಣತನವನ್ನು ಹೇಳಲೇಬೇಕು. ಸ್ನೇಹದ ಮೊದಲ ಗುರುತಾಗಿ ಅವರು ಆರಿಸಿಕೊಂಡಿರುವುದು ಬೈಗುಳವನ್ನು. ಡ್ರಾಕ್‌ಗಳ ಮಹಾಗುರು ಶಿಸ್ಮಾರ್‌ನನ್ನು ಡೇವಿಜ್ ಹೀನಾಯವಾಗಿ ಬೈದಾಗ, ಜೆರ್ರಿ (ಶಿಗನ್‌ಗೆ ಡೇವಿಜ್ ಇಟ್ಟ ಹೆಸರು ಇದು) ಅದಕ್ಕೆ ತಕ್ಕ ಉತ್ತರ ಕೊಡಬೇಕೆಂದು ಮನುಷ್ಯರ ಮಹಾಗುರುವನ್ನೇ ಹುಡುಕಿ ಬೈಯುತ್ತದೆ. ಆ ಮಹಾಗುರು ಮಿಕ್ಕಿ ಮೌಸ್. ಗಾಸೆಟ್ ಆ ಮಾತನ್ನು ಹೇಳುವಾಗ ನಗೆಯ ಎಳೆಯೂ ಇಲ್ಲ. ಧರ್ಮನಿಂದನೆಯ ಸಂಪೂರ್ಣ ಗಾಂಭೀರ್ಯದಿಂದ, ಇದಕ್ಕಿಂತ ಘೋರವಾದ ಮಾತು ಬೇರಿಲ್ಲವೆಂಬ ನಿಶ್ಚಯದಿಂದ ಹೇಳುತ್ತಾರೆ. ಶತ್ರುವಿಗೆ ನೋವಾಗುವಂತೆ ಬೈಯಬೇಕಾದರೆ ಅವನು ಯಾವುದನ್ನು ಪೂಜಿಸುತ್ತಾನೆಂದು ಮೊದಲು ತಿಳಿದುಕೊಳ್ಳಬೇಕು. ತಿಳಿದುಕೊಳ್ಳುವ ಆ ಪ್ರಯತ್ನ ಎಡವಟ್ಟಾದ ಗಳಿಗೆಯಲ್ಲಿಯೇ ಇಬ್ಬರ ನಡುವಿನ ಹಗೆ ಸಡಿಲವಾಗುತ್ತದೆ.

ಇದರ ಬೆನ್ನಿಗೇ ಡ್ರಾಕ್‌ಗಳ ಧರ್ಮಗ್ರಂಥವಾದ ತಾಲ್ಮನ್‌ನ ಪಾಠ ಬರುತ್ತದೆ. ಕೊರಳಿನಲ್ಲಿ ತೂಗುಹಾಕಿಕೊಳ್ಳುವಷ್ಟು ಚಿಕ್ಕದಾದ ಆ ಪುಸ್ತಕದಿಂದ, ಕೆಡುಕು ಮಾಡಿದವನಿಗೆ ಕೆಡುಕನ್ನು ಬಗೆಯಬೇಡ, ಪ್ರೀತಿಯನ್ನು ಕೊಡು ಎಂಬರ್ಥದ ಸಾಲೊಂದನ್ನು ಡೇವಿಜ್ ಓದುತ್ತಾನೆ. ಇದನ್ನು ತಾನು ಮನುಷ್ಯರ ತಾಲ್ಮನ್‌ನಲ್ಲಿಯೂ ಕೇಳಿದ್ದೇನೆ ಎಂದಾಗ, ಸತ್ಯ ಎಲ್ಲಿದ್ದರೂ ಸತ್ಯವೇ ತಾನೆ ಎಂಬ ಧಾಟಿಯಲ್ಲಿ ಜೆರ್ರಿ ಉತ್ತರಿಸುತ್ತದೆ. ಬರವಣಿಗೆಯಲ್ಲಿ ಇದು ಉಪದೇಶದಂತೆ ಕಾಣಬಹುದಾದರೂ ತೆರೆಯ ಮೇಲೆ ಹಾಗೆನ್ನಿಸುವುದಿಲ್ಲ. ಜೆರ್ರಿಯ ಮಾತಿನಲ್ಲಿ ಗುರುವಿನ ಗತ್ತಿಗಿಂತ, ಇಷ್ಟು ಸರಳವಾದದ್ದು ಈ ಮನುಷ್ಯನಿಗೆ ಇಷ್ಟು ತಡವಾಗಿ ಹೊಳೆಯಿತೇ ಎಂಬ ಬೇಸರವೇ ಹೆಚ್ಚಾಗಿದೆ.

ಡ್ರಾಕ್‌ಗಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಗರ್ಭ ತಾನಾಗಿಯೇ ನಿಲ್ಲುತ್ತದೆ. ಜೆರ್ರಿ ಗರ್ಭ ಧರಿಸಿರುವುದು ತಿಳಿದಾಗ ಡೇವಿಜ್ ತಬ್ಬಿಬ್ಬಾಗುವುದನ್ನು ಚಿತ್ರ ಸ್ವಲ್ಪ ಹಾಸ್ಯಕ್ಕೆ ಬಳಸಿಕೊಳ್ಳುತ್ತದೆಯಾದರೂ ಅಲ್ಲಿಯೇ ನಿಲ್ಲುವುದಿಲ್ಲ. ಮಗು ಹುಟ್ಟಿದ ಮೇಲೆ ಅದನ್ನು ತಾಯ್ನೆಲಕ್ಕೆ ಕರೆದೊಯ್ದು, ಅಲ್ಲಿನ ಪವಿತ್ರ ಸಭೆಯ ಮುಂದೆ ಅದರ ವಂಶದ ಪೂರ್ವಜರ ಹೆಸರುಗಳನ್ನೆಲ್ಲ ಹಾಡಿ ಒಪ್ಪಿಸಬೇಕು. ಅದಾಗದೆ ಡ್ರಾಕ್ ಮಗುವಿಗೆ ಸಮಾಜದಲ್ಲಿ ಸ್ಥಾನವಿಲ್ಲ. ಹೆರಿಗೆಯಲ್ಲಿ ಬದುಕುಳಿಯುವುದಿಲ್ಲವೆಂದು ತಿಳಿದ ಜೆರ್ರಿ ಈ ಹೊಣೆಯನ್ನು ಡೇವಿಜ್‌ಗೆ ವಹಿಸುತ್ತದೆ. ತನ್ನ ಕುಲವನ್ನೇ ನಾಶ ಮಾಡಲು ಹೊರಟಿದ್ದವನ ಬಾಯಿಗೆ ತನ್ನ ಕುಲದ ಹೆಸರುಗಳನ್ನು ಕೊಡುವ ಈ ಸನ್ನಿವೇಶಕ್ಕೆ ಸರಿಸಾಟಿಯಾದದ್ದು ಆ ದಶಕದ ವೈಜ್ಞಾನಿಕ ಚಿತ್ರಗಳಲ್ಲಿ ನನಗೆ ಸುಲಭವಾಗಿ ನೆನಪಾಗುವುದಿಲ್ಲ. ಕ್ವೇಡ್ ಅಲ್ಲಿಯವರೆಗೆ ತುಸು ಅಬ್ಬರದಿಂದ ನಟಿಸಿದ್ದವರು ಇಲ್ಲಿ ದನಿ ತಗ್ಗಿಸುತ್ತಾರೆ, ಮತ್ತು ಜ್ಯಾಮಿಸ್ ಎಂಬ ಆ ಮಗುವನ್ನು ಒಬ್ಬನೇ ಸಾಕುವ ಭಾಗದಲ್ಲಿ ಅವರ ಅಭಿನಯ ಪಕ್ವವಾಗಿದೆ. ಬೆಳೆದ ಜ್ಯಾಮಿಸ್ ಆಗಿ ಕಾಣಿಸುವ ಬಂಪರ್ ರಾಬಿನ್ಸನ್ ಎಂಬ ಹುಡುಗನೂ ಅದೇ ದಪ್ಪ ಪ್ರಸಾಧನದ ಒಳಗಿನಿಂದ ಮಗುವಿನ ಚುರುಕನ್ನು ಹೊರಗೆ ತಂದಿದ್ದಾನೆ. ಪ್ರಸಾಧನದ ಶಿಲ್ಪಿ ಕ್ರಿಸ್ ವಾಲಸ್ ಮುಂದೆ ‘ದ ಫ್ಲೈ’ ಚಿತ್ರಕ್ಕೆ ಆಸ್ಕರ್ ಗೆದ್ದರು.

ಚಿತ್ರದ ತಯಾರಿಯ ಕಥೆಯೂ ಒಂದು ಉಲ್ಕಾಪಾತವೇ. ರಿಚರ್ಡ್ ಲಾಂಕ್ರೇನ್ ನಿರ್ದೇಶನದಲ್ಲಿ ಐಸ್‌ಲ್ಯಾಂಡಿನಲ್ಲಿ ಶುರುವಾದ ಚಿತ್ರೀಕರಣವನ್ನು ನಿರ್ಮಾಣ ಸಂಸ್ಥೆ ಅರ್ಧದಲ್ಲಿ ನಿಲ್ಲಿಸಿತು. ಆಮೇಲೆ ಬಂದ ‘ದಾಸ್ ಬೂಟ್’ ಖ್ಯಾತಿಯ ವುಲ್ಫ್‌ಗ್ಯಾಂಗ್ ಪೀಟರ್ಸನ್ ಎಲ್ಲವನ್ನೂ ಮೊದಲಿನಿಂದ ಚಿತ್ರೀಕರಿಸಿದರು. ಒಳಾಂಗಣಕ್ಕೆ ಮ್ಯೂನಿಕ್‌ನ ಬವೇರಿಯಾ ಸ್ಟುಡಿಯೊ, ಹೊರಾಂಗಣಕ್ಕೆ ಲಾನ್ಸರೋಟೆ ದ್ವೀಪದ ಜ್ವಾಲಾಮುಖಿ ನೆಲ. ಖರ್ಚು ಏರುತ್ತಲೇ ಹೋಯಿತು, ಅಮೆರಿಕದ ಚಿತ್ರಮಂದಿರಗಳಲ್ಲಿ ಬಂದದ್ದು ಸುಮಾರು 1.2 ಕೋಟಿ ಡಾಲರ್ ಮಾತ್ರ. ಸ್ಟುಡಿಯೊದ ಆಕಾಶ ಬಣ್ಣ ಬಳಿದದ್ದೆಂದು ಗೊತ್ತಾಗುತ್ತದೆ ಎಂಬ ದೂರು ಇದೆ, ಗೊತ್ತಾಗುವುದು ನಿಜ. ಆದರೂ ಇಬ್ಬರೇ ಪಾತ್ರಧಾರಿಗಳ ಈ ಕಥೆಗೆ ರಂಗಸಜ್ಜಿಕೆಯಂಥ ಆ ಹಿನ್ನೆಲೆ ಒಪ್ಪುತ್ತದೆಂಬುದು ನನ್ನ ಅಭಿಪ್ರಾಯ. ಮೊರೀಸ್ ಜಾರ್ ಅವರ ಸಂಗೀತದ ಬಗ್ಗೆ ಅಷ್ಟು ಉದಾರವಾಗಿ ಹೇಳಲಾರೆ. ಕೆಲವೆಡೆ ಅದು ಮೌನವಿರಬೇಕಾದಲ್ಲಿ ಬಂದು ಕೂರುತ್ತದೆ.

ನಿಜವಾದ ತಕರಾರು ಇರುವುದು ಕೊನೆಯ ಭಾಗದ ಬಗ್ಗೆ. ಡ್ರಾಕ್‌ಗಳನ್ನು ಗುಲಾಮರನ್ನಾಗಿ ದುಡಿಸಿಕೊಳ್ಳುವ ಮನುಷ್ಯ ದರೋಡೆಕೋರರ ಗಣಿಯೊಂದು ಇದೇ ಗ್ರಹದಲ್ಲಿ ಪ್ರತ್ಯಕ್ಷವಾಗುತ್ತದೆ, ಅವರು ಜ್ಯಾಮಿಸ್‌ನನ್ನು ಹಿಡಿದೊಯ್ಯುತ್ತಾರೆ, ಡೇವಿಜ್ ಗುಂಡೇಟಿನಿಂದ ಸಾಯುವಂತಾಗಿ ಬದುಕಿ ಬಂದು ಹೊಡೆದಾಡುತ್ತಾನೆ. ಬ್ರಯಾನ್ ಜೇಮ್ಸ್ ಅಭಿನಯಿಸಿದ ಖಳ ಸ್ಟಬ್ಸ್ ಎಷ್ಟು ಕ್ರೂರಿಯೆಂದರೆ, ಅವನನ್ನು ದ್ವೇಷಿಸಲು ಪ್ರೇಕ್ಷಕ ಏನನ್ನೂ ಯೋಚಿಸಬೇಕಾಗಿಲ್ಲ. ಒಂದು ಗಂಟೆಯ ಕಾಲ ಹಗೆಯನ್ನು ಎಳೆ ಎಳೆಯಾಗಿ ಬಿಡಿಸಿದ ಚಿತ್ರ, ಕೊನೆಗೆ ಸುಲಭದ ಹಗೆಯೊಂದನ್ನು ನಮ್ಮ ಕೈಗಿಟ್ಟುಬಿಡುತ್ತದೆ. ಬ್ಯಾರಿ ಲಾಂಗ್‌ಇಯರ್ 1979ರಲ್ಲಿ ಪ್ರಕಟಿಸಿದ, ವೈಜ್ಞಾನಿಕ ಕಥಾಸಾಹಿತ್ಯದ ದೊಡ್ಡ ಗೌರವಗಳಾದ ಹ್ಯೂಗೊ ಮತ್ತು ನೆಬ್ಯುಲಾ ಪ್ರಶಸ್ತಿಗಳೆರಡನ್ನೂ ಪಡೆದ ಮೂಲ ನೀಳ್ಗತೆಯಲ್ಲಿ ಈ ಗಣಿಯೇ ಇಲ್ಲ. ಅಲ್ಲಿ ಡೇವಿಜ್ ಮನುಷ್ಯರ ನಡುವೆ ಹಿಂದಿರುಗಿ ಡ್ರಾಕ್‌ಗಳ ಬಗ್ಗೆ ತನ್ನವರಿಗಿರುವ ತಿರಸ್ಕಾರವನ್ನು ನುಂಗಬೇಕಾಗುತ್ತದೆ. ಜ್ಯಾಮಿಸ್ ತನ್ನವರ ನಡುವೆ ಸೇರಿದಾಗ, ಮನುಷ್ಯನೊಬ್ಬನನ್ನು ಪ್ರೀತಿಸುತ್ತೇನೆಂದು ಹೇಳಿದ್ದಕ್ಕೆ ಅದನ್ನು ಬುದ್ಧಿ ಕೆಟ್ಟವರ ಆಸ್ಪತ್ರೆಯಲ್ಲಿ ಇರಿಸಲಾಗುತ್ತದೆ. ಯುದ್ಧ ಮುಗಿದರೂ ಹಗೆ ಮುಗಿಯದ ಎರಡು ಸಮಾಜಗಳ ಈ ಚಿತ್ರಣವನ್ನು ಬಿಟ್ಟು ಗುಂಡು, ಕುಲುಮೆ, ಮುಷ್ಟಿಯುದ್ಧಗಳನ್ನು ಆಯ್ದುಕೊಂಡದ್ದು ಎಂಬತ್ತರ ದಶಕದ ಮಾರುಕಟ್ಟೆಯ ಒತ್ತಡವಿರಬಹುದು, ಆದರೆ ಆ ಮಾರುಕಟ್ಟೆಯೂ ಕೈಹಿಡಿಯಲಿಲ್ಲ.

ಈ ಗದ್ದಲದಲ್ಲಿಯೂ ಉಳಿಸಿಕೊಳ್ಳಬೇಕಾದ ಒಂದು ಅಂಶವಿದೆ. ಗಣಿಯ ಗುಲಾಮರು ಮೊದಲು ಡೇವಿಜ್‌ನನ್ನು ಇನ್ನೊಬ್ಬ ಯಜಮಾನನೆಂದೇ ತಿಳಿಯುತ್ತಾರೆ. ಅವರ ನಂಬಿಕೆ ಗಳಿಸಿಕೊಡುವುದು ಅವನ ಕೈಯಲ್ಲಿರುವ ಬಂದೂಕಲ್ಲ, ಗುಡಿಸಲಿನಲ್ಲಿ ಜಗಳವಾಡುತ್ತ ಕಲಿತ ಡ್ರಾಕ್ ಭಾಷೆ. ಕೊನೆಗೆ ಪವಿತ್ರ ಸಭೆಯ ಮುಂದೆ ನಿಂತು ಅವನು ಜೆರಿಬಾ ವಂಶಾವಳಿಯನ್ನು ಹಾಡುವುದೂ ಅದೇ ಭಾಷೆಯಲ್ಲಿ. ಮುಂದೆ ಜ್ಯಾಮಿಸ್ ತನ್ನ ಮಗುವನ್ನು ಅದೇ ಸಭೆಗೆ ಕರೆತಂದಾಗ ವಿಲಿಸ್ ಡೇವಿಜ್ ಎಂಬ ಹೆಸರೂ ಆ ವಂಶಾವಳಿಗೆ ಸೇರಿತೆಂದು ನಿರೂಪಣೆ ತಿಳಿಸುತ್ತದೆ. ಇಷ್ಟು ದೊಡ್ಡ ವಿಷಯವನ್ನು ದೃಶ್ಯವಾಗಿಸದೆ ಒಂದು ವಾಕ್ಯದಲ್ಲಿ ದಾಟಿಸಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಗಣಿಗೆ ಕೊಟ್ಟ ಸಮಯದಲ್ಲಿ ಐದು ನಿಮಿಷವನ್ನಾದರೂ ಇಲ್ಲಿಗೆ ಕೊಡಬಹುದಿತ್ತು.