ಬಯಲು ಮಾರಾಟದ ಹಳೇ ಸಾಮಾನು: ಕ್ಯಾಮೆರಾ, ರೆಕಾರ್ಡ್ ಅಥವಾ ಎರಕದ ಬಾಣಲೆ?

ಬಯಲಲ್ಲಿ ಹರಡಿ ಮಾರುವ ಹಳೇ ಸಾಮಾನು ಕೊಂಡು ಮರುಮಾರಾಟ ಮಾಡಲು ಈ ಮೂರರಲ್ಲಿ ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಿಂತಲ್ಲೇ ಎಷ್ಟು ಪರೀಕ್ಷೆ ಮಾಡಬಹುದು ಅನ್ನೋದೇ ಮೊದಲ ಪ್ರಶ್ನೆ.

ಫಿಲ್ಮ್ ಕ್ಯಾಮೆರಾ ಇಲ್ಲಿ ಸತಾಯಿಸುತ್ತದೆ. ಲೆನ್ಸನ್ನು ಬೆಳಕಿಗೆ ಹಿಡಿದು ಫಂಗಸ್ಸಿನ ತೆಳು ಎಳೆಗಳಿವೆಯಾ ನೋಡಿ. ಶಟರನ್ನು (ಫಿಲ್ಮಿಗೆ ಬೆಳಕು ಬಿಡುವ ಪರದೆ) ಒಂದು ಸೆಕೆಂಡಿಗೆ ಇಟ್ಟು ಒತ್ತಿ. ಅರ್ಧಕ್ಕೆ ಸಿಕ್ಕಿಕೊಂಡರೆ ಸರ್ವಿಸ್ ಖರ್ಚು ಬಂತು ಅಂತಲೇ ಲೆಕ್ಕ. ಕೆಲವು ಹಳೇ ಮಾಡೆಲ್‌ಗಳ ಬೆಳಕು ಅಳೆಯುವ ಮೀಟರಿಗೆ 1.35 ವೋಲ್ಟಿನ ಪಾದರಸದ ಬ್ಯಾಟರಿ ಬೇಕು. ಅದರ ತಯಾರಿಕೆ ನಿಂತಿದೆ. ಬದಲಿ ಸಿಗುತ್ತದೆ, ಆದರೆ ಕೊಳ್ಳುವವರಿಗೆ ಮೊದಲೇ ಹೇಳಿಬಿಡಿ.

ಎಲ್‌ಪಿ ರೆಕಾರ್ಡ್ ಸುಲಭ. ಓರೆಯಾಗಿ ಹಿಡಿದರೆ ಗೀರು, ಸೊಟ್ಟ ಎರಡೂ ಕಾಣುತ್ತವೆ. ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಕೊರೆದ ಸಂಖ್ಯೆಯಿಂದ ಯಾವ ಸಲ ಒತ್ತಿದ ಪ್ರತಿ ಅಂತ ಹುಡುಕಬಹುದು. 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಹಳೇ ರೆಕಾರ್ಡ್ ತಟ್ಟೆಗಳು ಬೇಡ. ಅರಗಿನವು ಜಾಸ್ತಿ, ಪಾರ್ಸೆಲ್ಲಿನಲ್ಲಿ ಒಡೆಯುತ್ತವೆ.

ಬಾಣಲೆಗೆ ತುಕ್ಕು ಹಿಡಿದಿದ್ದರೆ ಹೆದರಬೇಡಿ, ಉಜ್ಜಿದರೆ ಹೋಗುತ್ತದೆ. ಬಿರುಕು ಹೋಗುವುದಿಲ್ಲ.

ಸಾಗಣೆಗೆ ಬಂದರೆ ಲೆಕ್ಕ ತಿರುಗುತ್ತದೆ. ಬಾಣಲೆಯ ಭಾರವೇ ಲಾಭ ತಿನ್ನುತ್ತದೆ, ಹತ್ತಿರದ ಗಿರಾಕಿ ಇದ್ದರಷ್ಟೇ ಸರಿ. ಕ್ಯಾಮೆರಾ ಚಿಕ್ಕದು, ದೂರಕ್ಕೂ ಹೋಗುತ್ತದೆ.

ಹಣ ಕಡಿಮೆ, ತಾಳ್ಮೆ ಜಾಸ್ತಿ ಇದ್ದರೆ ರೆಕಾರ್ಡ್. ರಿಪೇರಿ ಬರುತ್ತದಾ, ಬೆಳಗ್ಗೆ ಎಲ್ಲರಿಗಿಂತ ಮುಂಚೆ ಹೋಗ್ತೀರಾ? ಕ್ಯಾಮೆರಾ ನೋಡಿ. ಮಾರಾಟ ಮುಗಿಯುವ ಹೊತ್ತಿಗೇ ಬಿಡುವು ಸಿಗೋದು ಅಂದ್ರೆ ಬಾಣಲೆಗೆ ಚೌಕಾಸಿ ಮಾಡಿ, ಅಷ್ಟು ಭಾರ ವಾಪಸ್ ಹೊರಲು ಯಾರಿಗೆ ತಾನೇ ಇಷ್ಟ?