ಕೆಟ್ಟಿದ್ದು ಮಾಡ್ಯೂಲಾ, ಜಾಗವಾ? ಮೂರು ಪರೀಕ್ಷೆಗಳ ಹೋಲಿಕೆ

ಮನೆಯ ದೀಪ, ಪ್ಲಗ್‌ಗಳನ್ನು ದೂರದಿಂದಲೇ ಹಚ್ಚಿ ಆರಿಸುವ ಪುಟ್ಟ ಮಾಡ್ಯೂಲುಗಳು, ಕೆಟ್ಟಿವೆ ಎಂದು ತೆಗೆದಿಟ್ಟವು, ಒಂದು ಡಬ್ಬಿ ತುಂಬಿದ್ದವು. ವೈಫೈ ಮೂಲಕ ಮಾತು ಕೇಳುವ ಮೂರು ರಿಲೇ ಸ್ವಿಚ್ಚು, ಜಿಗ್ಬಿ ಎಂಬ ಇನ್ನೊಂದು ರೇಡಿಯೊ ಭಾಷೆಯ ಮೂರು ಪ್ಲಗ್, ಮನೆಯ ಕರೆಂಟ್ ತಂತಿಯಲ್ಲೇ ಸಂದೇಶ ಕಳಿಸುವ ಹಳೇ ಎಕ್ಸ್-10 ಪದ್ಧತಿಯ ಒಂದು ಲ್ಯಾಂಪ್ ಮಾಡ್ಯೂಲು. ಒಟ್ಟು ಏಳು. ಎಸೆಯುವ ಮೊದಲು ಒಂದು ಸಲ ನೋಡಿಬಿಡೋಣ ಎಂದು ಕೂತೆ.

ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವ ದಾರಿಗಳು ಮೂರು. ರೀಸೆಟ್ ಮಾಡಿ ಮತ್ತೆ ಜೋಡಿಸು. ಜಾಗ ಅದಲು ಬದಲು ಮಾಡು. ಲಾಗ್, ಅಂದರೆ ಯಂತ್ರ ತಾನೇ ಬರೆದಿಡುವ ದಾಖಲೆ, ನೋಡು. ಮೂರನ್ನೂ ಮಾಡಿದೆ. ನಿಜವಾಗಿ ಕೆಟ್ಟಿದ್ದು ಎರಡೇ ಎಂದು ಗೊತ್ತಾಗಲು ಒಂದು ತಿಂಗಳು ಹಿಡಿಯಿತು.

ಮೊದಲು ರೀಸೆಟ್, ಏಕೆಂದರೆ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಎಕ್ಸ್-10ಕ್ಕೆ ಇದು ಇಲ್ಲವೇ ಇಲ್ಲ. ಎರಡು ಪುಟ್ಟ ಚಕ್ರ ತಿರುಗಿಸಿ ಕೋಡ್ ಇಟ್ಟರೆ ಮುಗಿಯಿತು. ಉಳಿದ ಆರರಲ್ಲಿ ಐದು, ಎಲ್ಲವನ್ನೂ ನಡೆಸುವ ನಡುವಿನ ಯಂತ್ರವಾದ ಹಬ್ ಪಕ್ಕದ ಮೇಜಿನ ಮೇಲೆ ಒಳ್ಳೆ ಮಕ್ಕಳ ಹಾಗೆ ಕೆಲಸ ಮಾಡಿದವು. ಖುಷಿಯಿಂದ ವಾಪಸ್ ಅವುಗಳ ಜಾಗಕ್ಕೆ ಹಾಕಿದೆ. ವಾರದೊಳಗೆ ಐದೂ ಮತ್ತೆ ಮುನಿಸಿಕೊಂಡವು. ಮೇಜಿನ ಮೇಲೆ ಸಿಗ್ನಲ್ ಚೆನ್ನಾಗಿರುತ್ತದೆ, ಲೋಡ್, ಅಂದರೆ ಕರೆಂಟ್ ಎಳೆಯುವ ದೀಪ, ಇರುವುದಿಲ್ಲ. ಅಲ್ಲಿ ಪಾಸಾದರೆ ಏನು ಬಂತು? ಅದರ ಮೇಲೆ ಹೆಸರು, ಗುಂಪು, ಟೈಮರ್ ಎಲ್ಲ ಮತ್ತೆ ಕೂರಿಸಬೇಕು. ನನ್ನ ಮಟ್ಟಿಗೆ ರೀಸೆಟ್ ಪರೀಕ್ಷೆಯೇ ಅಲ್ಲ. ಸುಮ್ನೆ ಸಾಕ್ಷಿ ಅಳಿಸುವ ಕೆಲಸ.

ಅದಲು ಬದಲು ಬೇರೆ ಥರ. ಅನುಮಾನದ ಮಾಡ್ಯೂಲನ್ನು ಸರಿಯಾಗಿರುವುದರ ಜಾಗಕ್ಕೆ ಹಾಕುವುದು, ಸರಿಯಾಗಿರುವುದನ್ನು ಇದರ ಜಾಗಕ್ಕೆ. ದೀಪ ಮಾತ್ರ ಅಲ್ಲಲ್ಲೇ ಇರಬೇಕು. ದೀಪವೂ ಜೊತೆಗೆ ಹೋದರೆ ಯಾವುದರ ತಪ್ಪು ಎಂದು ಹೇಳಲು ಆಗುವುದಿಲ್ಲ. ಎರಡು ದಿನ ಬಿಟ್ಟು ನೋಡಿ. ತೊಂದರೆ ಮಾಡ್ಯೂಲಿನ ಬೆನ್ನು ಹತ್ತಿ ಹೋಯಿತಾ, ಅಲ್ಲೇ ಉಳಿಯಿತಾ?

ಒಂದು ವೈಫೈ ರಿಲೇ ಎಲ್ಲಿ ಹೋದರೂ ಒಂದೇ ರೋಗ. ಆ್ಯಪ್‌ನಲ್ಲಿ ಆಫ್ ಎಂದು ತೋರಿಸುತ್ತದೆ, ದೀಪ ಉರಿಯುತ್ತಲೇ ಇರುತ್ತದೆ. ರೀಸೆಟ್‌ಗೆ ಜಗ್ಗದೆ ಉಳಿದಿದ್ದ ಆರನೆಯದು ಇದೇ. ಒಳಗಿನ ಸಂಪರ್ಕದ ಬಿಂದುಗಳು ಕರಗಿ ಅಂಟಿಕೊಂಡಿದ್ದವು. ತಪ್ಪು ನನ್ನದೇ. ಒಂದೇ ರಿಲೇಗೆ ಎಂಟು ಎಲ್ಇಡಿ ದೀಪ ನೇತುಹಾಕಿದ್ದೆ. ವ್ಯಾಟ್ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೆ ಎಲ್ಇಡಿ ಡ್ರೈವರ್‌ಗಳು, ಅಂದರೆ ದೀಪಕ್ಕೆ ಕರೆಂಟ್ ಹದಮಾಡಿ ಕೊಡುವ ಸರ್ಕ್ಯೂಟ್‌ಗಳು, ಹತ್ತಿಕೊಳ್ಳುವ ಕ್ಷಣಕ್ಕೆ ಮಾಮೂಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತವೆ. ರಿಲೇ ಮೇಲೆ ಬರೆದ 10 ಆಂಪಿಯರ್ ಹೀಟರ್‌ನಂಥ ಲೋಡ್‌ಗೆ ಹೇಳಿದ್ದು.

ಇನ್ನೊಂದು ವೈಫೈ ರಿಲೇಯ ತೊಂದರೆಯೂ ಅದರ ಜೊತೆಗೇ ಹೋಯಿತು. ಮೂರನೆಯದು ಹೊಸ ಜಾಗದಲ್ಲಿ ಆರಾಮಾಗಿತ್ತು. ಅದರ ಹಳೇ ಜಾಗಕ್ಕೆ ಹೋದ ಒಳ್ಳೆ ಮಾಡ್ಯೂಲು ಮೂಕಾಯಿತು. ಅದು ಕಬ್ಬಿಣದ ಸ್ವಿಚ್ ಪೆಟ್ಟಿಗೆ, ಅಲ್ವಾ, ಒಳಗೆ ರೇಡಿಯೊ ಹೇಗೆ ಬದುಕಬೇಕು? ಜಿಗ್ಬಿ ಪ್ಲಗ್‌ಗಳದೂ ಅದೇ ಕಥೆ. ಮೂರೂ ಜಾಗದ ತಪ್ಪೇ.

ಇದರ ಕಷ್ಟ ಎಂದರೆ ಸಮಯ. ಗೋಡೆಯೊಳಗಿನ ಮಾಡ್ಯೂಲಾದರೆ ಪ್ರತಿ ಸಲ ಎಂಸಿಬಿ ಇಳಿಸಿ, ತಂತಿಯಲ್ಲಿ ಕರೆಂಟ್ ಇಲ್ಲ ಎಂದು ಮೀಟರ್ ಹಿಡಿದು ನೋಡಿಯೇ ಕೈ ಹಾಕಬೇಕು.

ಅದಲು ಬದಲು ತಪ್ಪು ಯಾರದು ಎಂದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಅದಕ್ಕೆ ಲಾಗ್ ಬೇಕು. ಆದರೆ ಅಂಕಿಗಳನ್ನು ಕಣ್ಣು ಮುಚ್ಚಿ ನಂಬಿದರೆ ಕೆಟ್ಟಿರಿ. ಸಂಪರ್ಕ ಎಷ್ಟು ಚೆನ್ನಾಗಿದೆ ಎಂದು ಹೇಳುವ ಜಿಗ್ಬಿಯ ಅಂಕಿ ಎಲ್‌ಕ್ಯೂಐ 255ರವರೆಗೆ ಹೋಗುತ್ತದೆ. ನನ್ನ ಒಂದು ಪ್ಲಗ್ 200ರ ಮೇಲೆ ತೋರಿಸುತ್ತಾ ದಿನಕ್ಕೆ ಎರಡು ಸಲ ಕಾಣೆಯಾಗುತ್ತಿತ್ತು. ಜಿಗ್ಬಿ ಸಂದೇಶ ಒಂದು ಸಾಧನದಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹಬ್ ಸೇರುತ್ತದೆ; ಆ ಅಂಕಿ ಸಾಮಾನ್ಯವಾಗಿ ಒಂದು ಜಿಗಿತದ್ದು ಮಾತ್ರ, ಇಡೀ ದಾರಿಯದಲ್ಲ.

ಅದೇ ಲಾಗ್ ಆ ಎರಡನೇ ವೈಫೈ ರಿಲೇಯನ್ನು ಹತ್ತು ನಿಮಿಷದಲ್ಲಿ ಹಿಡಿದುಕೊಟ್ಟಿತು. ಅದರಲ್ಲಿ ಕಂಪನಿಯದರ ಬದಲು ಟ್ಯಾಸ್ಮೋಟಾ ಎಂಬ ಉಚಿತ ತಂತ್ರಾಂಶ ಹಾಕಿದ್ದೆ. ಸಿಗ್ನಲ್ ಚೆನ್ನಾಗಿದೆ, ಆದರೆ ರಿಲೇ ಟಿಕ್ ಎಂದಾಗಲೆಲ್ಲ ಅಪ್‌ಟೈಮ್ (ಶುರುವಾಗಿ ಎಷ್ಟು ಹೊತ್ತಾಯಿತು ಎಂಬ ಲೆಕ್ಕ) ಸೊನ್ನೆಗೆ ಬೀಳುತ್ತಿದೆ. ಅಂದರೆ ರಿಲೇಯನ್ನು ಎಳೆಯುವ ಕಾಯಿಲ್ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಚಿಪ್ ಮತ್ತೆ ಶುರುವಾಗುತ್ತಿದೆ. ಬಿಚ್ಚಿ ನೋಡಿದರೆ ಕೆಪಾಸಿಟರ್ ತಲೆ ಉಬ್ಬಿತ್ತು. ಒಂದು ಮಾತು: ಇಂಥ ಎಷ್ಟೋ ಬೋರ್ಡ್‌ಗಳ ಪವರ್ ಸಪ್ಲೈ ಮೇನ್ಸ್‌ನಿಂದ ಬೇರೆಯಾಗಿರುವುದಿಲ್ಲ. ಗೋಡೆಯ ಕರೆಂಟ್ ಇರುವಾಗ ಕಂಪ್ಯೂಟರ್‌ನ ಸೀರಿಯಲ್ ಕೇಬಲ್ ಸಿಕ್ಕಿಸಿದರೆ ಕಂಪ್ಯೂಟರ್ ಜೊತೆ ನೀವೂ ಅಪಾಯಕ್ಕೆ ಸಿಗುತ್ತೀರಿ.

ಜಿಗ್ಬಿ ಪ್ಲಗ್‌ಗಳಲ್ಲಿ ಎರಡಕ್ಕೆ ಕಾರಣ ಹಬ್ ಹತ್ತಿರವೇ ಇತ್ತು. ಹಬ್‌ಗೆ ಜಿಗ್ಬಿ ರೇಡಿಯೊ ಕೊಡುವ ಸ್ಟಿಕ್ಕನ್ನು ಯುಎಸ್‌ಬಿ 3 ಪೋರ್ಟಿಗೆ ನೇರ ಸಿಕ್ಕಿಸಿದ್ದೆ. ಆ ಪೋರ್ಟು ಜಿಗ್ಬಿ ಮಾತಾಡುವ 2.4 ಗಿಗಾಹರ್ಟ್ಸ್ ಸುತ್ತಲೇ ಗದ್ದಲ ಎಬ್ಬಿಸುತ್ತದೆ. ಮೇಲಿಂದ ವೈಫೈ 11ನೇ ಚಾನೆಲ್‌ನಲ್ಲಿ, ಜಿಗ್ಬಿ 22ರಲ್ಲಿ. ಸಂಖ್ಯೆ ದೂರ ಕಂಡರೂ ಎರಡೂ ಒಂದರ ಮೇಲೊಂದು: 2462 ಮತ್ತು 2460 ಮೆಗಾಹರ್ಟ್ಸ್. ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ಜಿಗ್ಬಿಯನ್ನು 25ಕ್ಕೆ ಸರಿಸಿದೆ. ಎರಡನ್ನೂ ಒಂದೇ ದಿನ ಮಾಡಿದ್ದರಿಂದ ಯಾವುದರಿಂದ ಗುಣವಾಯಿತು ಎಂದು ಇವತ್ತಿಗೂ ಗೊತ್ತಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ಉಪದೇಶ ಮಾಡುವವನು ನಾನೇ!

ಮೂರನೇ ಪ್ಲಗ್ ಪ್ರತಿ ರಾತ್ರಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೋಗುತ್ತಿತ್ತು. ಅದು ಮಾತಾಡುತ್ತಿದ್ದದ್ದು ಪಡಸಾಲೆಯ ಜಿಗ್ಬಿ ಬಲ್ಬಿನ ಮೂಲಕ, ಬೇರೆ ದಾರಿ ಇರಲಿಲ್ಲ. ಮಲಗುವ ಮೊದಲು ಮನೆಯವರು ಆ ಬಲ್ಬನ್ನು ಗೋಡೆಯ ಸ್ವಿಚ್ಚಿನಲ್ಲೇ ಆರಿಸುತ್ತಿದ್ದರು. ಸ್ವಿಚ್ಚಿಗೆ ಟೇಪ್ ಅಂಟಿಸಿದೆ. ಬೈಗುಳ ತಿಂದೆ. ಪ್ಲಗ್ ಸರಿಹೋಯಿತು.

ಹೀಗಾಗಿ ನನ್ನ ಸಾಲು ಈಗ ತಿರುಗಿದೆ. ಮೊದಲು ಅದಲು ಬದಲು, ಆಮೇಲೆ ಲಾಗ್, ಏನೂ ದಾರಿ ಕಾಣದಿದ್ದರೆ ರೀಸೆಟ್.

ಈ ಸಾಲು ಎಕ್ಸ್-10 ಮುಂದೆ ಮಾತ್ರ ನಡೆಯಲಿಲ್ಲ. ಐದು ಜಾಗ ಬದಲಿಸಿದೆ, ಐದರಲ್ಲೂ ದೀಪ ಮಿಣಮಿಣ. ಲಾಗ್ ಎಂಬುದು ಅದಕ್ಕಿಲ್ಲ. ನನ್ನ ನಿಯಮದ ಪ್ರಕಾರ ಮಾಡ್ಯೂಲು ಕೆಟ್ಟಿದೆ ಎಂದೇ ಲೆಕ್ಕ. ಎಸೆಯುವ ಮೊದಲು ಪಕ್ಕದ ಮನೆಯಿಂದ ತಂತಿ ಉರಿಯುವ ಹಳೇ 60 ವ್ಯಾಟ್ ಬಲ್ಬ್ ಇಸ್ಕೊಂಡು ಬಂದು ಹಾಕಿದೆ. ಬೆಣ್ಣೆ ಕರಗಿದ ಹಾಗೆ ಡಿಮ್ ಆಯಿತು, ಪೂರ್ತಿ ಆರಿತು. ದೀಪದ ಸ್ವಿಚ್ ಒತ್ತಿದರೆ ತಿಳಿಯಲೆಂದು ಆ ಮಾಡ್ಯೂಲು ಆಫ್ ಇದ್ದಾಗಲೂ ಚೂರು ಕರೆಂಟ್ ಹರಿಸುತ್ತದೆ. ತಂತಿ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ, ಎಲ್ಇಡಿಗೆ ಮಿನುಗಲು ಅಷ್ಟೇ ಸಾಕು. ನಾನು ಓಡಾಡಿಸಿದ ಐದು ಜಾಗಗಳಲ್ಲೂ ಇದ್ದದ್ದು ಎಲ್ಇಡಿಯೇ.

ಬಲ್ಬನ್ನು ವಾಪಸ್ ಕೊಟ್ಟೆ. ಯಾವ ತಪ್ಪೂ ಮಾಡದ ಎಕ್ಸ್-10 ಮತ್ತೆ ಡಬ್ಬಿಯಲ್ಲಿದೆ.